ಕೊನೆ ಭಾಗದ ಹೊಲಕ್ಕೆ ಗಜಲ್ ಬಂದದ್ದು

ನನ್ನ ಮೊದಲ ಗಜಲ್ ಸಂಕಲನ ಹೊರಬರಲು ಹನ್ನೊಂದು ವರ್ಷ ಹಿಡಿಯಿತು. ಅಚ್ಚಿಗೆ ಹೋದದ್ದು ಕೊನೆಯ ಐದು ತಿಂಗಳು ಮಾತ್ರ. ಉಳಿದದ್ದೆಲ್ಲ ಬರೆಯುವುದು, ಹೊಡೆದು ಹಾಕುವುದು. ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಬರೆಯುವುದು ಬೆಳಗಿನ ಐದರಿಂದ ಆರೂವರೆವರೆಗೆ.

ಗಜಲ್ ಎಂದರೆ ಉರ್ದುವಿನಿಂದ ಬಂದ, ಎರಡೆರಡು ಸಾಲಿನ ಷೇರ್‌ಗಳ ಕವಿತೆ. ರಾಯಚೂರಿನವರಿಗೆ ಅದು ಹೊರಗಿನದಲ್ಲ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, ನಮ್ಮ ಹಿರಿಯರು ಶಾಲೆಯಲ್ಲಿ ಕಲಿತದ್ದು ಉರ್ದು. ಇದೇ ಜಿಲ್ಲೆಯ ಹೆಂಬೆರಾಳದ ಶಾಂತರಸರು ಕನ್ನಡಕ್ಕೆ ಗಜಲ್ ತಂದು ಬೇರೂರಿಸಿದರು. 2006ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರದೇ. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕನವರ ಗಜಲ್‌ಗಳನ್ನು ಓದಿಯೇ ನಾನು ಹೆಣ್ಣಿನ ದನಿಯಲ್ಲೂ ಇದನ್ನು ಬರೆಯಬಹುದೆಂದು ಧೈರ್ಯ ಮಾಡಿದ್ದು.

ಧೈರ್ಯವೇನೋ ಬಂತು, ಮಾತು ಮಾತ್ರ ಎರವಲು. ಮೊದಲ ಮೂರು ವರ್ಷ ನನ್ನ ನೋಟ್‌ಬುಕ್ ತುಂಬ ಮಧುಶಾಲೆ, ಮದ್ಯ ಬಡಿಸುವ ಸಾಕಿ, ಪತಂಗ, ದೀಪ. ಅವುಗಳಲ್ಲಿ ಕೆಲವು ವಾರಪತ್ರಿಕೆಗಳಲ್ಲೂ ಬಂದವು. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಚಾಚಾ ಒಬ್ಬರಿದ್ದಾರೆ. ಕನ್ನಡ ಓದಲು ಬಾರದು, ಉರ್ದು ಷೇರ್‌ಗಳು ನೂರಾರು ಬಾಯಲ್ಲಿವೆ. ಒಂದು ಸಂಜೆ ಓದಿ ಕೇಳಿಸಿದೆ. ಕತ್ತರಿ ಕೆಳಗಿಟ್ಟು ಕೇಳಿದರು: “ಮಧುಶಾಲೆ ನೀವು ಕಣ್ಣಾರೆ ನೋಡೀರೇನು ಟೀಚರ್? ನಿಮ್ಮ ಹೊಲದಾಗಿಂದು ಯಾಕ ಬರಿಯಂಗಿಲ್ಲ?”

ನಮ್ಮ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಮೇಲಿನವರು ಎರಡನೇ ಬೆಳೆಗೂ ಭತ್ತ ಹಚ್ಚುತ್ತಾರೆ. ನಮ್ಮಪ್ಪ ಕಾಲುವೆಯ ನೀರಿನ ಮಟ್ಟ ತೋರುವ ಗೇಜ್ ನೋಡಿಕೊಂಡು ಬಂದು ಏನೂ ಮಾತಾಡದೆ ಕಟ್ಟೆ ಮೇಲೆ ಕೂತುಬಿಡುತ್ತಿದ್ದರು. ಅಕ್ಕಪಕ್ಕದ ಮನೆಗಳಿಗೆ ಬೀಗ, ಎಲ್ಲರೂ ಗುಳೆ. “ನೀರ್ ಬರ್ಲಿಲ್ಲ” ಎಂಬ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಸಾಲಿನ ತುದಿಯಲ್ಲಿ ಮರಳಿ ಮರಳಿ ಬರುವ ಮಾತು, ರದೀಫ್, ಅಲ್ಲೇ ಇತ್ತು. ಎರಡು ವಾರ ಹೆಣಗಿ ಗಜಲ್‌ನ ಮೊದಲ ಷೇರ್, ಈ ಮತ್ಲಾ, ಬರೆದೆ:

ಕಾಲುವೆ ತುಂಬಿ ಹರಿದರೂ ಕೊನೆಯ ಹೊಲಕೆ ನೀರು ಬರಲಿಲ್ಲ
ಗುಳೆಯ ಹಾದಿಯಲಿ ಮಂದಿ ನಡೆದರು ಹಿಂದೆ ಊರು ಬರಲಿಲ್ಲ

ಮತ್ಲಾದ ಎರಡೂ ಸಾಲು ರದೀಫ್‌ನಲ್ಲಿ ಮುಗಿಯಬೇಕು, ಅದರ ಹಿಂದೆ ಪ್ರಾಸದ ಪದ, ಕಾಫಿಯಾ, ಕೂಡಬೇಕು. ಇಲ್ಲಿ ‘ಬರಲಿಲ್ಲ’ ರದೀಫ್. ‘ನೀರು’, ‘ಊರು’ ಕಾಫಿಯಾ. ಮುಂದಿನ ಷೇರ್‌ಗಳಲ್ಲಿ ಎರಡನೇ ಸಾಲಿಗೆ ಮಾತ್ರ ಈ ಕಟ್ಟು. ಉರ್ದುವಿನ ಛಂದಸ್ಸಾದ ಬೆಹರ್ ಕನ್ನಡದ ನಾಲಿಗೆಗೆ ಹಾಗೇ ಒಗ್ಗುವುದಿಲ್ಲ, ಅದಕ್ಕೆ ನಾನು ಮಾತ್ರೆ ಎಣಿಸುತ್ತೇನೆ. ಮೇಲಿನ ಎರಡು ಸಾಲಿಗೂ ಇಪ್ಪತ್ತಾರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಛಂದಸ್ಸು ಕಲಿಸುವ ಹಾಗೆಯೇ ಲಘು ಗುರು ಹಾಕಿ ನೋಡುತ್ತೇನೆ. ಮಾತ್ರೆ ಕೂಡಿದ ಮೇಲೂ ಜೋರಾಗಿ ಓದಿ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಸಿಕೊಳ್ಳಬೇಕು. ಲೆಕ್ಕ ಸರಿಯಿದ್ದೂ ಸತ್ತ ಸಾಲುಗಳು ನನ್ನ ಬಳಿ ಬಹಳ ಇವೆ.

ಈ ಗಜಲ್ ಆದಮೇಲೆ ಹಳೆಯವು ನನಗೇ ಓದಲಾಗಲಿಲ್ಲ. ನೂರ ಹನ್ನೆರಡರಲ್ಲಿ ಅರವತ್ತನಾಲ್ಕು ಉಳಿಸಿಕೊಂಡು ಪ್ರೆಸ್ಸಿಗೆ ಹೋದೆ. ಪುಟಕ್ಕೊಂದು ಗಜಲ್, ಮುನ್ನುಡಿ, ಪರಿವಿಡಿ ಎಲ್ಲ ಸೇರಿ 84 ಪುಟ. ಡೆಮ್ಮಿ 1/8 ಅಳತೆಯ ಪುಸ್ತಕದಲ್ಲಿ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ, ಐದು ಫಾರಂಗೆ 80 ಪುಟ. “ನಾಲ್ಕು ತೆಗೀರಿ, ಇಲ್ಲಾ ಇನ್ನೂ ಹನ್ನೆರಡು ಕೊಡ್ರಿ” ಅಂದರು ಪ್ರೆಸ್ಸಿನವರು. ಉಳಿದಿದ್ದ ನಾಲ್ಕು ಮಧುಶಾಲೆಗಳು ಅವತ್ತು ಹೋದವು. ಪುಸ್ತಕಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಪ್ರೂಫ್ ನೋಡಿ ಕಣ್ಣಲ್ಲಿ ನೀರು ಬಂತು. ನಾನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಚೆದುರಿದ್ದವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಅದನ್ನು ತಿದ್ದಬಹುದು. ನೋವಾದದ್ದು ಬೇರೆ: 14 ಪಾಯಿಂಟ್ ಅಕ್ಷರದಲ್ಲಿ ಉದ್ದ ಸಾಲುಗಳು ಪುಟದ ಅಗಲಕ್ಕೆ ಹಿಡಿಯದೆ ‘ಬರಲಿಲ್ಲ’ ಒಂದೇ ಕೆಳಗಿನ ಸಾಲಿಗೆ ಜಾರಿ ಬಿದ್ದಿತ್ತು. ಗಜಲ್‌ನಲ್ಲಿ ಓದುಗರ ಕಣ್ಣು ರದೀಫ್‌ಗಾಗಿ ಸಾಲಿನ ತುದಿಯಲ್ಲಿ ಕಾಯುತ್ತಿರುತ್ತದೆ, ಅದು ಅಲ್ಲಿಲ್ಲದಿದ್ದರೆ ಷೇರ್ ಕುಸಿಯುತ್ತದೆ. ಆ ಪುಟಗಳಿಗಷ್ಟೇ ಅಕ್ಷರ ಸಣ್ಣದು ಮಾಡುತ್ತೇವೆ ಎಂದರು, ನಾನು ಒಪ್ಪಲಿಲ್ಲ. ಇಡೀ ಪುಸ್ತಕವನ್ನು 12 ಪಾಯಿಂಟ್‌ಗೆ ಇಳಿಸಿ, ಸಾಲುಗಳ ನಡುವೆ ಜಾಗ ಬಿಡಿಸಿದೆ. ಮೂರು ಸಲ ಪ್ರೂಫ್ ತಿದ್ದಿದೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಾನೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆ, ಅದಕ್ಕೆ ದುಡ್ಡು ಬೇಕಿಲ್ಲ. ಐನೂರು ಪ್ರತಿ ಹಾಕಿಸಿದೆ.

ಪುಸ್ತಕದ ಕಟ್ಟು ಬಂದ ಸಂಜೆ ಮೊದಲ ಪ್ರತಿ ಹಿಡಿದು ಚಾಚಾ ಅಂಗಡಿಗೆ ಹೋದೆ. ಕಾಲುವೆಯ ಗಜಲ್ ಪೂರ್ತಿ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಾಲ್ಕನೇ ಷೇರ್‌ಗೆ ಕೈ ಎತ್ತಿದರು. “ಇದನ್ನ ಇನ್ನೊಮ್ಮೆ ಓದ್ರಿ.” ಓದಿದೆ. “ನೀರು, ಊರು ಅಂತ ಎಳೀತೀರಿ, ಇಲ್ಲಿ ಕರು ಅಂತ ಗಿಡ್ಡ ಮಾಡೀರಿ. ಕಿವಿಗೆ ಮುಳ್ಳು ಚುಚ್ಚಿದಂಗ ಆತು.”

ಅವರ ಮಾತು ಖರೇ. ಮೂರು ಪ್ರೂಫ್‌ಗಳಲ್ಲಿ ನನ್ನ ಕಣ್ಣಿಗೆ ಬೀಳದ್ದು ಅವರ ಕಿವಿಗೆ ಬಿತ್ತು. ಎರಡನೇ ಮುದ್ರಣಕ್ಕೆಂದು ಆ ಷೇರನ್ನು ಮತ್ತೆ ಬರೆಯುತ್ತಿದ್ದೇನೆ. ಕಾಫಿಯಾಕ್ಕೆ ‘ತೇರು’ ಸಿಕ್ಕಿದೆ, ಮೊದಲ ಸಾಲು ಇನ್ನೂ ಇಪ್ಪತ್ತನಾಲ್ಕು ಮಾತ್ರೆಗೇ ನಿಂತಿದೆ.