2 ಡಾಲರ್ ಟೂರ್ನಿಯಿಂದ 22 ಡಾಲರ್ ಟೂರ್ನಿಗೆ: ಆನ್‌ಲೈನ್ ಪೋಕರ್‌ನಲ್ಲಿ ಮೇಲೆ ಹತ್ತುವುದು ಹೇಗೆ?

ಮೊದಲಿಗೇ ಒಂದು ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಪೋಕರ್‌ಗೆ ಭಾರತದಲ್ಲಿ ಅವಕಾಶವಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅದನ್ನು ನಿಷೇಧಿಸಿದೆ. ಹಾಗಾಗಿ ಇದು ಬ್ರಿಟನ್, ಅಮೆರಿಕದ ನ್ಯೂಜೆರ್ಸಿಯಂಥ ಕಡೆ ಲೈಸೆನ್ಸ್ ಇರುವ ಸೈಟ್‌ಗಳಲ್ಲಿ ಆಡುವ ಕನ್ನಡಿಗರಿಗೆ. ಊರಿಗೆ ಬಂದಾಗ ವಿಪಿಎನ್ ಹಾಕಿಕೊಂಡು ಆಡುವ ಯೋಚನೆ ಬೇಡ. ಸಿಕ್ಕಿಬಿದ್ದರೆ ಖಾತೆಯಲ್ಲಿರುವ ದುಡ್ಡೂ ಹೋಗಬಹುದು.

ಬಹಳ ಜನ ಮೇಲಿನ ಮಟ್ಟಕ್ಕೆ, ಅಂದ್ರೆ ಹೆಚ್ಚು ಪ್ರವೇಶ ಶುಲ್ಕದ ಟೂರ್ನಿಗೆ, ಹೋಗುವುದು ಒಂದು ದೊಡ್ಡ ಗೆಲುವಿನ ಮರುದಿನ. ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. ಒಂದು ಗೆಲುವಿನಲ್ಲಿ ಆಟ ಎಷ್ಟು, ಅದೃಷ್ಟ ಎಷ್ಟು ಅಂತ ಹೇಳೋಕೆ ಆಗುವುದಿಲ್ಲ. ಅಮೆರಿಕದ ಹವ್ಯಾಸಿ ಆಟಗಾರ ಕ್ರಿಸ್ ಮನಿಮೇಕರ್ 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಟೂರ್ನಿಗೆ ಪ್ರವೇಶ ಗೆಲ್ಲುವ ಸಣ್ಣ ಟೂರ್ನಿ) ಗೆದ್ದು, 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಯಲ್ಲಿ 25 ಲಕ್ಷ ಡಾಲರ್ ಬಾಚಿದ್ದು ನಿಜ. ಆದರೆ ಆ ಟೂರ್ನಿಗೆ 10,000 ಡಾಲರ್ ಪ್ರವೇಶ ಶುಲ್ಕವಿತ್ತು, ಆಡಿದವರು 839 ಜನ, ಆ ಬಹುಮಾನ ಸಿಕ್ಕಿದ್ದು ಒಬ್ಬರಿಗೇ.

ಮೊದಲು ಲೆಕ್ಕದ ಪುಸ್ತಕ

ಆಡಿದ ಪ್ರತಿ ಟೂರ್ನಿ ಬರೆದಿಡಿ. ಕಟ್ಟಿದ್ದೆಷ್ಟು, ಬಂದದ್ದೆಷ್ಟು, ಎಷ್ಟು ಜನ ಆಡಿದರು. ರೀ-ಎಂಟ್ರಿ (ಔಟಾದ ಮೇಲೆ ಮತ್ತೆ ಶುಲ್ಕ ಕಟ್ಟಿ ಒಳಬರುವುದು) ಹಣವನ್ನೂ ಸೇರಿಸಿ, ಅದನ್ನೇ ಜಾಸ್ತಿ ಜನ ಮರೆಯುವುದು. ಸಾವಿರ ಟೂರ್ನಿಯಾದರೂ ಆಗುವ ತನಕ ಲಾಭದ ಶೇಕಡಾವಾರನ್ನು ಪೂರ್ತಿ ನಂಬಬೇಡಿ. ಆಮೇಲೆ ಅತಿ ದೊಡ್ಡ ಬಹುಮಾನವೊಂದನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಲಾಭವೆಲ್ಲ ಅದರ ಜೊತೆಗೇ ಹೋಯಿತು ಅಂದ್ರೆ ಇನ್ನೂ ಸ್ವಲ್ಪ ಕಾಲ ಅಲ್ಲೇ ಆಡಿ.

ಗಂಟು ಎಷ್ಟಿರಬೇಕು?

ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಇವಕ್ಕೆ ಸಂಬಂಧವಿಲ್ಲದ, ಹೋದರೂ ಮನೆ ನಡೆಯುವ ದುಡ್ಡು ಮಾತ್ರ ಪೋಕರ್ ಗಂಟು. ವೃತ್ತಿಪರ ಪೋಕರ್ ಆಟಗಾರ ಕ್ರಿಸ್ ಫರ್ಗುಸನ್ ಸೊನ್ನೆಯಿಂದ ಶುರುಮಾಡಿ 10,000 ಡಾಲರ್ ಮುಟ್ಟಿದಾಗ ಪಾಲಿಸಿದ ನಿಯಮ, ಹಲವು ಟೇಬಲ್‌ಗಳ ಟೂರ್ನಿಗೆ ಗಂಟಿನ ಶೇ 2ಕ್ಕಿಂತ ಹೆಚ್ಚು ಕಟ್ಟಬಾರದು ಅನ್ನುವುದು. ನನ್ನ ಸಲಹೆ ಇನ್ನೂ ಬಿಗಿ: ಶೇ 1. ಅಂದ್ರೆ 5.50 ಡಾಲರ್ ಟೂರ್ನಿಗೆ 550, 11 ಡಾಲರ್‌ಗೆ 1,100, 22 ಡಾಲರ್‌ಗೆ 2,200. ಸಾವಿರಾರು ಜನ ಆಡುವ ಟೂರ್ನಿಯಾದರೆ ಇದರ ದುಪ್ಪಟ್ಟು. ಎರಡು ಸಲ ರೀ-ಎಂಟ್ರಿ ಮಾಡಿದರೆ 22 ಡಾಲರ್ ಟೂರ್ನಿ 66 ಡಾಲರ್ ಆಗುತ್ತದೆ. ಹೊಸ ಮಟ್ಟದಲ್ಲಿ ಒಂದೇ ಎಂಟ್ರಿ ಸಾಕು.

ಒಂದೇ ಸಲ ಹಾರಬೇಡಿ

ಸಂಜೆಗೆ ಹತ್ತು ಟೂರ್ನಿ ಆಡುವವರು ಎಂಟನ್ನು ಹಳೇ ಮಟ್ಟದಲ್ಲೇ ಆಡಿ, ಎರಡನ್ನು ಮಾತ್ರ ಮೇಲಿನದ್ದು ತಗೊಳ್ಳಿ. ಇನ್ನೂರು ಮುನ್ನೂರು ಜನರ ಟೂರ್ನಿ ಆರಿಸಿ. ಭಾನುವಾರದ ಭಾರಿ ಟೂರ್ನಿಗಳು ಆಮೇಲೆ.

ಆಟವೇ ಬದಲಾಗುತ್ತದೆ

2 ಡಾಲರ್ ಟೇಬಲ್‌ನಲ್ಲಿ ಬ್ಲಫ್ (ಕೆಟ್ಟ ಎಲೆ ಇಟ್ಟುಕೊಂಡು ಹೆದರಿಸುವುದು) ಅಷ್ಟಾಗಿ ನಡೆಯುವುದಿಲ್ಲ, ಸಣ್ಣ ಜೋಡಿ ಇದ್ದರೂ ಕಾಲ್ ಮಾಡುವವರು (ಎದುರಿನವರ ಪಣಕ್ಕೆ ಸಮ ಹಾಕುವವರು) ಜಾಸ್ತಿ. ಒಳ್ಳೆ ಎಲೆಗೆ ಕಾದು ದೊಡ್ಡದಾಗಿ ಬೆಟ್ ಮಾಡಿದರೆ ಆಯಿತು. 22 ಡಾಲರ್‌ನಲ್ಲಿ ನೀವು ಬಟನ್‌ನಿಂದ (ಡೀಲರ್ ಜಾಗದಿಂದ) ಪಣ ಏರಿಸಿದ್ದು ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ, ಸಣ್ಣದು ಸ್ಮಾಲ್, ದೊಡ್ಡದು ಬಿಗ್) ಕದಿಯೋಕೆ ಅಂತ ಎದುರಿನವರು ಊಹಿಸುತ್ತಾರೆ, 15 ಬಿಗ್ ಬ್ಲೈಂಡ್‌ನಷ್ಟು ಚಿಪ್ ಇರುವವರು ಧೈರ್ಯವಾಗಿ ಆಲ್-ಇನ್ (ಎಲ್ಲ ಚಿಪ್ ಪಣಕ್ಕೆ) ಹೋಗುತ್ತಾರೆ.

ಕೊನೆಯ ಟೇಬಲ್‌ನ ಒಂದು ಕೈ ನೋಡಿ. ಏಳು ಜನ ಉಳಿದಿದ್ದಾರೆ. ಮೂವರ ಹತ್ತಿರ ಐದಾರು ಬ್ಲೈಂಡ್ ಮಾತ್ರ, ನಿಮ್ಮ ಹತ್ತಿರ 18. ಸ್ಮಾಲ್ ಬ್ಲೈಂಡ್‌ನಲ್ಲಿ ಕೂತ, ಎಲ್ಲರಿಗಿಂತ ಹೆಚ್ಚು ಚಿಪ್ ಇರುವ ಆಟಗಾರ ಆಲ್-ಇನ್. ಬಿಗ್ ಬ್ಲೈಂಡ್‌ನಲ್ಲಿರುವ ನಿಮ್ಮ ಕೈಯಲ್ಲಿ ಎಕ್ಕ-ಏಳು. ಅವರು ಏನೇನೋ ಎಲೆ ಇಟ್ಟುಕೊಂಡು ತಳ್ಳಿರಬಹುದು, ಚಿಪ್ ಲೆಕ್ಕಕ್ಕೆ ಕಾಲ್ ಮಾಡೋಣ ಅನ್ನಿಸುತ್ತದೆ ಅಲ್ವಾ? ಫೋಲ್ಡ್ ಮಾಡಿ, ಅಂದ್ರೆ ಎಲೆ ಕೆಳಗಿಟ್ಟು ಕೈ ಬಿಡಿ. ನೀವು ಸೋತರೆ ಏಳನೇ ಬಹುಮಾನ ಹಿಡಿದು ಮನೆಗೆ. ಸುಮ್ನೆ ಕೂತರೆ ಆ ಮೂವರಲ್ಲಿ ಯಾರಾದರೂ ಬೇಗ ಔಟಾಗಿ ನಿಮ್ಮ ಬಹುಮಾನ ಏರುವ ಸಾಧ್ಯತೆ ಹೆಚ್ಚು. ಗೆದ್ದ ಚಿಪ್‌ಗಿಂತ ಕಳೆದ ಚಿಪ್‌ಗೆ ಬೆಲೆ ಜಾಸ್ತಿ ಎನ್ನುವ ಈ ಲೆಕ್ಕಕ್ಕೆ ಐಸಿಎಂ ಅಂತಾರೆ. ಮೇಲಿನ ಮಟ್ಟದವರು ಇದನ್ನು ಕಲಿತೇ ಬಂದಿರುತ್ತಾರೆ. ನೀವು ಫೋಲ್ಡ್ ಮಾಡುತ್ತೀರಿ ಅಂತ ಗೊತ್ತಿದ್ದೇ ತಳ್ಳುತ್ತಾರೆ. ಮೇಲೆ ಹತ್ತುವ ಮುಂಚೆ ಒಂದು ತಿಂಗಳು ಇದನ್ನೇ ಅಭ್ಯಾಸ ಮಾಡಿ.

ಇಳಿಯುವ ಗೆರೆ

ಎಲ್ಲಿ ಇಳಿಯಬೇಕು ಅನ್ನುವುದನ್ನು ಹತ್ತುವ ಮುಂಚೆಯೇ ಬರೆದಿಡಿ. 1,100 ಡಾಲರ್ ಇಟ್ಟು 11 ಡಾಲರ್ ಟೂರ್ನಿ ಶುರುಮಾಡಿದ್ದೀರಿ, ಗಂಟು 800ಕ್ಕೆ ಬಂತು ಅಂದ್ರೆ ಅವತ್ತೇ 5.50ಕ್ಕೆ ವಾಪಸ್. ಮತ್ತೆ 1,100 ಆದಾಗ ಹತ್ತಿ. ಇದರಲ್ಲಿ ಅವಮಾನವೇನೂ ಇಲ್ಲ, ಚೆನ್ನಾಗಿ ಆಡುವವರೂ ಇಳಿಯುತ್ತಾರೆ.

ಸೈಟ್‌ನಲ್ಲಿ ವಾರದ ಡೆಪಾಸಿಟ್ ಮಿತಿಯನ್ನೂ ಮೊದಲೇ ಹಾಕಿಡಿ. ಕಳೆದದ್ದನ್ನು ವಾಪಸ್ ಗಳಿಸಲೇಬೇಕು ಅಂತ ರಾತ್ರಿ ನಿದ್ದೆಗೆಟ್ಟು ಕೂರುವಂತಾದರೆ, ಬ್ರಿಟನ್‌ನಲ್ಲಿರುವವರು ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿ. ಅಲ್ಲಿ ಲೈಸೆನ್ಸ್ ಇರುವ ಎಲ್ಲ ಸೈಟ್‌ಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ನಿಮಗೆ ಬಾಗಿಲು ಮುಚ್ಚುತ್ತವೆ.