ಪನೆಟ್ ಚೌಕ: ತಪ್ಪಿಲ್ಲದೆ ಬರೆಯುವುದು ಹೇಗೆ?

ತಂದೆ-ತಾಯಿಯ ಗುಣ ಮಕ್ಕಳಿಗೆ ಬರುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಲು ನಾಲ್ಕು ಮನೆಗಳ ಪನೆಟ್ ಚೌಕ ಸಾಕು. ಚೆನ್ನಾಗಿ ಓದಿಕೊಂಡವರೂ ಇದರಲ್ಲಿ ಎಡವುವುದನ್ನು ನೋಡುತ್ತಲೇ ಇದ್ದೇನೆ.

ಮೊದಲು, ಒಂದೇ ಜೀನ್ ನಿರ್ಧರಿಸುವ ಗುಣವನ್ನು ಆರಿಸಿಕೊಳ್ಳಿ. ಎತ್ತರ, ಮೈಬಣ್ಣ ಬೇಡ. ಅವುಗಳ ಹಿಂದೆ ಬಹಳಷ್ಟು ಜೀನ್‌ಗಳಿವೆ. ನಾಲಿಗೆ ಸುರುಳಿ ಮಾಡುವುದನ್ನು ಉದಾಹರಣೆ ಕೊಡುವ ಗೈಡುಗಳನ್ನು ಪಕ್ಕಕ್ಕಿಡಿ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಹುಟ್ಟುವ ಮಗುವಿನ ಕಣ್ಣಿನ ಬಣ್ಣ ಹೇಳುವ ಆ್ಯಪ್‌ಗಳನ್ನೂ ನಂಬಬೇಡಿ. ಕಲಿಯಲು, ಬಟಾಣಿ ಬೆಳೆದು ಅನುವಂಶೀಯತೆಯ ನಿಯಮ ಕಂಡುಕೊಂಡ ವಿಜ್ಞಾನಿ ಮೆಂಡಲ್‌ನ ಬಟಾಣಿಯೇ ಸರಿ. ಗುಂಡು ಕಾಳು ಪ್ರಬಲ, ಅಂದರೆ ತಂದೆ-ತಾಯಿಯಲ್ಲಿ ಒಂದು ಕಡೆಯಿಂದ ಬಂದರೂ ಕಾಣಿಸಿಕೊಳ್ಳುವ ಗುಣ. ಅದಕ್ಕೆ ‘ಗು’. ಸುಕ್ಕು ಕಾಳು ದುರ್ಬಲ, ಅದಕ್ಕೆ ‘ಸು’.

ಕೈಕೊಡುವ ಹಂತ ಇನ್ನು ಮುಂದಿದೆ. ಪ್ರತಿ ಗಿಡದಲ್ಲೂ ಈ ಜೀನ್‌ನ ಎರಡು ಪ್ರತಿಗಳಿರುತ್ತವೆ. ಸುಕ್ಕು ಕಾಳು ಖಂಡಿತ ಸುಸು. ಗುಂಡು ಕಾಳು ಕಂಡೊಡನೆ ಗುಗು ಎಂದು ಬರೆದುಬಿಡುತ್ತಾರೆ. ಅದು ಗುಸು ಕೂಡ ಆಗಿರಬಹುದು. ಅದರ ಸಂತತಿಯಲ್ಲಿ ಸುಕ್ಕು ಕಾಳು ಸಿಕ್ಕಿತೇ? ಹಾಗಾದರೆ ಅದು ಗುಸು, ಏಕೆಂದರೆ ಸುಕ್ಕಾಗಲು ಎರಡೂ ಕಡೆಯಿಂದ ಒಂದೊಂದು ಸು ಬಂದಿರಲೇಬೇಕು.

ಆಮೇಲೆ ಲಿಂಗಾಣುಗಳು. ಪರಾಗದಲ್ಲಾಗಲಿ ಅಂಡದಲ್ಲಾಗಲಿ ಸಾಗುವುದು ಎರಡರಲ್ಲೊಂದು ಪ್ರತಿ ಮಾತ್ರ. ಆದ್ದರಿಂದ ಎರಡೂ ಗಿಡಗಳು ಗುಸು ಆಗಿದ್ದರೆ ಚೌಕದ ಮೇಲ್ಗಡೆ ಒಂದು ಕಂಬಕ್ಕೆ ಗು, ಇನ್ನೊಂದಕ್ಕೆ ಸು. ಎಡಬದಿಯ ಸಾಲುಗಳಿಗೂ ಹಾಗೆಯೇ. ಕಂಬದ ತಲೆಗೆ ‘ಗುಸು’ ಎಂದು ಜೋಡಿಯನ್ನೇ ಬರೆದರೆ ಒಂದೊಂದು ಮನೆಯಲ್ಲೂ ಅಕ್ಷರಗಳು ಎರಡಕ್ಕಿಂತ ಹೆಚ್ಚಾಗುತ್ತವೆ. ಅಂಥ ಚೌಕವನ್ನು ತಿದ್ದುತ್ತ ಕೂರಬೇಡಿ, ಅಳಿಸಿ ಹೊಸದಾಗಿ ಬರೆಯಿರಿ.

ತುಂಬುವುದು ಸುಲಭ: ಮೇಲಿನದೊಂದು, ಎಡದ್ದೊಂದು. ಗುಗು, ಗುಸು, ಗುಸು, ಸುಸು.

ಮೂರು ಗುಂಡಿಗೆ ಒಂದು ಸುಕ್ಕು ಎಂದು ಬಾಯಿಪಾಠ ಮಾಡುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಒಂದು ಕಡೆ ಗುಸು, ಇನ್ನೊಂದು ಕಡೆ ಸುಸು ಇದ್ದರೆ ಫಲ ಅರ್ಧಕ್ಕರ್ಧ. ಮೆಂಡಲ್ 1866ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 5,474 ಗುಂಡು, 1,850 ಸುಕ್ಕು ಕಾಳುಗಳಿದ್ದವು. ಅಷ್ಟು ಎಣಿಸಿದಾಗಲೂ ಅನುಪಾತ ಸರಿಯಾಗಿ ಮೂರಕ್ಕೆ ಒಂದಾಗಲಿಲ್ಲ, ಹತ್ತಿರ ಬಂತಷ್ಟೇ. ನಾಲ್ಕು ಮಕ್ಕಳ ಮನೆಯಲ್ಲಿ ಅದನ್ನು ಹುಡುಕಬೇಡಿ.

ಕಾಯಿಲೆಯ ವಿಷಯದಲ್ಲಂತೂ ಈ ತಪ್ಪು ದುಬಾರಿ. ಗಂಡ-ಹೆಂಡತಿ ಇಬ್ಬರೂ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ಗುಸುವಿನಂತೆ ದೋಷದ ಒಂದೇ ಪ್ರತಿ ಹೊತ್ತವರಾಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ‘ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ’ ಎಂದು ಯಾರಾದರೂ ಧೈರ್ಯ ಹೇಳಿದರೆ ಕೇಳಬೇಡಿ. ಎರಡನೆಯ ಮಗುವಿಗೂ ಅದೇ ಶೇ 25. ಇಬ್ಬರೂ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಸಲಹೆ ಪಡೆದು ಮುಂದುವರಿಯಿರಿ.