ಗೆರೆ ಬಿದ್ದ ಜಾಗಕ್ಕೆ ಪರ್ಮಿಟ್ ತಂದದ್ದು: ನನ್ನ ಅನುಭವ

ಆರೂವರೆ ಸೆಂಟ್ಸ್ ಜಾಗ, ಪೇಟೆ ರಸ್ತೆಯ ಬದಿ. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ತೆಗೆದದ್ದು. ಅದರಲ್ಲಿ ಮೂರು ಸೆಂಟ್ಸ್ ಮೇಲೆ ರಸ್ತೆ ಅಗಲ ಮಾಡುವ ಸ್ಕೀಮಿನ ಗೆರೆ, ಅಂದರೆ ಮುಂದೆ ರಸ್ತೆಗೆ ತೆಗೆದುಕೊಳ್ಳುವ ಜಾಗ ಎಂದು ನಕ್ಷೆಯಲ್ಲಿ ಹಾಕಿದ ಗುರುತು, ಬಿದ್ದಿತ್ತು. ಅಪ್ಪ ತೀರಿಕೊಂಡರು. ರಸ್ತೆ ಒಂದು ಅಡಿಯೂ ಅಗಲ ಆಗಲಿಲ್ಲ, ಗೆರೆಯೂ ಅಳಿಯಲಿಲ್ಲ. 2018ರಿಂದ 2023ರ ತನಕ ಓಡಾಡಿ ಅದೇ ಜಾಗಕ್ಕೆ ಕಟ್ಟಡ ಕಟ್ಟುವ ಪರ್ಮಿಟ್ ತಂದೆ. ಈಗ ಅಲ್ಲಿ ಎರಡು ಅಂಗಡಿ ಕೋಣೆ ನಿಂತಿವೆ. "ಸ್ಕೀಮ್ ಜಾಗಕ್ಕೆ ಪರ್ಮಿಟ್ ಸಿಗುವುದಿಲ್ಲ ಮಾರಾಯ, ಸುಮ್ನೆ ದುಡ್ಡು ಕಳೆಯಬೇಡ" ಎಂದವರೇ ಈಗ ಫೈಲು ಹಿಡಿದುಕೊಂಡು ಮನೆಗೆ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯಲ್ಲಿ ಇಪ್ಪತ್ತು ವರ್ಷದಿಂದ ನಾನು ಪ್ಲಾನ್ ಬರೆಯುತ್ತಿದ್ದೇನೆ. ಲೊಕೇಶನ್ ಸ್ಕೆಚ್, ಪೊಸೆಷನ್ ಸರ್ಟಿಫಿಕೇಟ್, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಎಲ್ಲ ನನ್ನ ದಿನನಿತ್ಯದ ಕೆಲಸ. ಯಾವ ಪೇಟೆ, ಯಾವ ಕಚೇರಿ ಎಂದು ಮಾತ್ರ ಹೇಳುವುದಿಲ್ಲ.

ಮೊದಲ ಸಲ ಬುದ್ಧಿವಂತಿಕೆ ಮಾಡಲು ಹೋದೆ. ಗೆರೆಗೆ ಹೋಗುವ ಜಾಗ ಬಿಟ್ಟು, ಉಳಿದದ್ದನ್ನು ಚಿಕ್ಕ ಪ್ಲಾಟ್ ಲೆಕ್ಕದಲ್ಲಿ ಹಾಕಿದರೆ ಸೆಟ್‌ಬ್ಯಾಕ್ ಕಮ್ಮಿ ಸಾಕಲ್ವಾ? ಆದರೆ ಆ ವಿನಾಯಿತಿ 125 ಚದರ ಮೀಟರಿನ ತನಕ ಮಾತ್ರ. ನನ್ನಲ್ಲಿ ಉಳಿದದ್ದು ಮೂರೂವರೆ ಸೆಂಟ್ಸ್, ಅಂದರೆ ಸುಮಾರು 141. ಹದಿನಾರು ಚದರ ಮೀಟರ್ ಜಾಸ್ತಿ ಇದ್ದದ್ದೇ ತೊಂದರೆಯಾಯಿತು. ಪೂರ್ತಿ ಸೆಟ್‌ಬ್ಯಾಕ್ ಬಿಟ್ಟರೆ ಸಿಗುವ ಕೋಣೆಯಲ್ಲಿ ಶಟರ್ ಎತ್ತಿ ಒಳಗೆ ಹೋದರೆ ತಿರುಗುವುದಕ್ಕೂ ಜಾಗ ಇಲ್ಲ.

ಎರಡನೆಯ ಸಲ ಪೂರ್ತಿ ಜಾಗಕ್ಕೇ ಪ್ಲಾನ್ ಹಾಕಿದೆ. ನಗರಸಭೆಯ ಸೆಕ್ರೆಟರಿ ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ಕೌನ್ಸಿಲಿಗೆ ಬರೆದು, ಅಲ್ಲಿಯೂ ಒಂದು ತಿಂಗಳು ಸುಮ್ಮನಿದ್ದರೆ ಪರ್ಮಿಟ್ ಸಿಕ್ಕಿದ ಹಾಗೆ ಎಂಬ ಲೆಕ್ಕ ಆಗ ಇತ್ತಲ್ಲ, ಅದನ್ನು ನಂಬಿ ಕೂತಿದ್ದೆ. ಇಪ್ಪತ್ತೇಳನೆಯ ದಿನ ರಿಜೆಕ್ಟ್ ಆಗಿ ಬಂತು. ಇಂಥ ತೀರ್ಮಾನಗಳ ಮೇಲೆ ಅಪೀಲು ಕೇಳುವ ಟ್ರಿಬ್ಯೂನಲಿಗೆ ಹೋದೆ. ಅದು ಇರುವುದು ತಿರುವನಂತಪುರದಲ್ಲಿ. ರಾಜ್ಯದ ಈ ತುದಿಯಿಂದ ಆ ತುದಿಗೆ ಮೂರು ಸಲ ರೈಲು ಹತ್ತಿದೆ. ಸ್ಕೀಮ್ ಜಾರಿಯಲ್ಲಿ ಇರುವಾಗ ಸೆಕ್ರೆಟರಿ ಅದನ್ನು ಮೀರುವ ಹಾಗಿಲ್ಲ ಎಂದು ಹೇಳಿ ಕಳಿಸಿದರು. ವಕೀಲರ ಫೀಸು, ರೈಲು, ರೂಮು ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋಯಿತು. ಅದು ಸಿಕ್ಕಾಪಟ್ಟೆ ನೋವು ಕೊಟ್ಟ ದುಡ್ಡು.

ಆಮೇಲೆ ಕೊರೋನಾ. ಎರಡು ವರ್ಷ ಜಾಗ ಖಾಲಿ. ಪರ್ಮಿಟ್ ಬೇಡದ ಕೆಲಸ ಏನಿದೆ ಎಂದು ಯೋಚಿಸಿ ಹಸಿರು ನೆಟ್ ಕಟ್ಟಿ ಅಡಿಕೆ ಸಸಿ ಮಾಡಿದೆ. ಹೆಚ್ಚಿನದು ಮಂಗಳ ತಳಿ, ಆರುನೂರು ಸಸಿ ಇರಬಹುದು. ಜೂನ್ ಮಳೆಗೆ ರಸ್ತೆಯ ನೀರೆಲ್ಲ ಒಳಗೆ ನುಗ್ಗಿ ಅರ್ಧ ಸಸಿ ಕೊಳೆಯಿತು. ಉಳಿದದ್ದರಲ್ಲಿ ಎಂಟು ಸಾವಿರ ಬಂತು. ಆದರೆ ದಿನಾ ಅಲ್ಲಿ ಕೂತು ರಸ್ತೆ ನೋಡುತ್ತಾ ಇದ್ದಾಗಲೇ ನನಗೆ ವಿಷಯ ಹೊಳೆದದ್ದು. ಈ ರಸ್ತೆ ಅಗಲ ಮಾಡಲು ಯಾರ ಹತ್ತಿರವೂ ದುಡ್ಡು ಇಲ್ಲ. ನಾನು ಇಷ್ಟು ದಿನ ಪರ್ಮಿಟ್ ಕೇಳಿದ್ದೇ ತಪ್ಪು. ದುಡ್ಡು ಕೇಳಬೇಕಿತ್ತು.

ನಮ್ಮ ಜಿಲ್ಲೆ ಮೊದಲು ಮದ್ರಾಸಿನದ್ದು. ಹಾಗಾಗಿ ಹಳೆಯ ಸ್ಕೀಮುಗಳು 1920ರ ಮದ್ರಾಸ್ ಕಾಯ್ದೆಯ ಕೆಳಗೆ ಬಂದವು. 2016ರ ಕೇರಳ ಟೌನ್ ಆಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ ಬಂದಾಗ ಆ ಹಳೆಯ ಕಾಯ್ದೆ ಹೋಯಿತು, ಗೆರೆಗಳು ಉಳಿದವು. ಆದರೆ ಹೊಸ ಕಾಯ್ದೆಯ 67ನೇ ಸೆಕ್ಷನ್ ನಮ್ಮ ಕಡೆ ಇದೆ. ಪೇಟೆಯ ಪ್ಲಾನಿನಲ್ಲಿ ಸ್ವಾಧೀನಕ್ಕೆ ಎಂದು ಗುರುತಿಸಿದ ಜಾಗವನ್ನು ಎರಡು ವರ್ಷದೊಳಗೆ ತೆಗೆದುಕೊಳ್ಳಲು ಶುರು ಮಾಡದಿದ್ದರೆ, ಮಾಲೀಕ "ನೀವೇ ಕೊಳ್ಳಿ" ಎಂದು ಸ್ಥಳೀಯ ಸಂಸ್ಥೆಗೆ ನೋಟಿಸ್ ಕೊಡಬಹುದು. ಪರ್ಚೇಸ್ ನೋಟಿಸ್ ಎನ್ನುತ್ತಾರೆ. ಅರವತ್ತು ದಿನದಲ್ಲಿ ಅವರು ತೀರ್ಮಾನ ಮಾಡಬೇಕು.

ಇದನ್ನು ಹೇಳಿದಾಗ ಎಲ್ಲರೂ ಬೈದರು. "ಅವರು ಹ್ಞೂಂ ಅಂದರೆ ಜಾಗವೇ ಹೋಯಿತಲ್ಲ!" ಹೆದರಿಕೆ ನನಗೂ ಇತ್ತು, ಅಪ್ಪನ ಜಾಗ ಅದು. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಜಾಗದ ಬೆಲೆಯ ಮೇಲೆ ಅಷ್ಟೇ ಮೊತ್ತ ಸೊಲೇಶಿಯಂ, ಅಂದರೆ ಕಡ್ಡಾಯವಾಗಿ ತೆಗೆದುಕೊಳ್ಳುವುದಕ್ಕೆ ಕೊಡುವ ಹೆಚ್ಚಿನ ಪರಿಹಾರ, ಸೇರಬೇಕು. ಪೇಟೆ ಜಾಗಕ್ಕೆ ಅಷ್ಟು ಕೊಟ್ಟು, ನನ್ನೊಬ್ಬನದ್ದು ಮಾತ್ರ ತೆಗೆದರೆ ರಸ್ತೆ ಆಗುವುದಿಲ್ಲ. ಆ ಸಾಲಿನಲ್ಲಿ ಮೂವತ್ತು ಜನ ಇದ್ದಾರೆ. ಅವರು ಕೊಳ್ಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ನೋಟಿಸಿಗೆ ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್. ಸ್ಕೀಮ್ ಮಂಜೂರಾದ ದಿನ ಯಾವುದು, ಸ್ವಾಧೀನ ಶುರುವಾಗಿದೆಯಾ, ಐದು ವರ್ಷದ ಬಜೆಟಿನಲ್ಲಿ ಈ ರಸ್ತೆಗೆ ಎಷ್ಟು ಇಟ್ಟಿದ್ದಾರೆ ಎಂದು ಕೇಳಿದೆ. ನಾಲ್ಕನೆಯ ಪ್ರಶ್ನೆಯೂ ಒಂದಿತ್ತು. ಕೊನೆಗೆ ಕೋರ್ಟಿನಲ್ಲಿ ಕೆಲಸ ಮಾಡಿದ್ದು ಅದೇ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಮೊದಲ ಅರ್ಜಿ ಕನ್ನಡದಲ್ಲೇ ಕೊಟ್ಟಿದ್ದೆ. 1969ರ ಆಡಳಿತ ಭಾಷಾ ಕಾಯ್ದೆ ನಮಗೆ ಕೊಟ್ಟ ಹಕ್ಕು ಅದು, ಬಿಡಬಾರದು. ಆದರೆ ಓದುವವರು ಇಲ್ಲ ಎಂದು ಒಂದೂವರೆ ತಿಂಗಳು ಮೇಜಿನ ಮೇಲೇ ಇತ್ತು. ಎರಡನೆಯ ಸಲ ಕನ್ನಡದ ಜೊತೆಗೆ ಮಲಯಾಳಂ ಪ್ರತಿಯನ್ನೂ ಇಟ್ಟೆ. ಇಪ್ಪತ್ತೆರಡು ದಿನದಲ್ಲಿ ಉತ್ತರ ಬಂತು. ಎಲ್ಲದಕ್ಕೂ "ಇಲ್ಲ".

ಆ ಉತ್ತರ ಅಂಟಿಸಿ 2022ರಲ್ಲಿ ನೋಟಿಸ್ ಕೊಟ್ಟೆ. ಅರವತ್ತು ದಿನ ಸದ್ದಿಲ್ಲ. ಅರವತ್ತೊಂದನೆಯ ದಿನಕ್ಕೆ ವಕೀಲರಿಗೆ ಕಾಗದ ಎಲ್ಲ ಕೊಟ್ಟಾಗಿತ್ತು. ಹೈಕೋರ್ಟ್ ಎರ್ನಾಕುಲಂನಲ್ಲಿ. ಅಪರಾತ್ರಿ ರೈಲು ಇಳಿದು ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಬೆಳಗು ಮಾಡಿದ್ದು ಇನ್ನೂ ನೆನಪಿದೆ. ಖರ್ಚು ನಲವತ್ತು ಸಾವಿರ ಚಿಲ್ಲರೆ. ನನ್ನ ಮಾತು ಕೇಳಿ ಇಂತಿಷ್ಟು ವಾರದೊಳಗೆ ತೀರ್ಮಾನ ಮಾಡಿ ಎಂದು ಆದೇಶ ಬಂತು. ಕೌನ್ಸಿಲಿನಲ್ಲಿ ಠರಾವು ಆಯಿತು: ಹಣ ಇಲ್ಲ, ಕೊಳ್ಳುವ ಪ್ರಸ್ತಾವವೂ ಇಲ್ಲ. ಆ ಒಂದು ಹಾಳೆ ಸಿಕ್ಕಿದ ದಿನ ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕಣ್ಣು ತುಂಬಿ ಬಂತು. ಹತ್ತು ಪ್ರತಿ ತೆಗೆಸಿದೆ.

ಕೊಳ್ಳುವುದಿಲ್ಲ ಎಂದು ಅವರೇ ಬರೆದುಕೊಟ್ಟ ಮೇಲೆ ಗೆರೆ ತೋರಿಸಿ ಪರ್ಮಿಟ್ ತಡೆಯಲು ಆಗಲಿಲ್ಲ. ಪರ್ಮಿಟ್ ಕೊಡುವಾಗ ಒಂದು ಮುಚ್ಚಳಿಕೆ ಕೇಳಿದರು. ಮುಂದೆ ರಸ್ತೆ ಬಂದರೆ ಜಾಗಕ್ಕೂ ಕಟ್ಟಡಕ್ಕೂ ಪರಿಹಾರ ಕೇಳಬಾರದಂತೆ. ಜಾಗದ ಪರಿಹಾರ ಬಿಟ್ಟುಕೊಡುವುದಿಲ್ಲ ಎಂದು ಗಟ್ಟಿ ನಿಂತೆ. ಕಟ್ಟಡದ್ದಕ್ಕೆ ಒಪ್ಪಿದೆ. ನೀವೂ ಸ್ಟ್ಯಾಂಪ್ ಪೇಪರಿನಲ್ಲಿ ಈ ಎರಡು ಪದ ಬೇರೆ ಬೇರೆ ಇದೆಯಾ ನೋಡಿ ಸಹಿ ಹಾಕಿ. ಕೆಂಪು ಕಲ್ಲಿನ ಗೋಡೆ, ಮೇಲೆ ಸ್ಲ್ಯಾಬ್, ಒಟ್ಟು ಹದಿನಾಲ್ಕು ಲಕ್ಷ ದಾಟಿತು. ಎರಡು ಕೋಣೆಯ ಬಾಡಿಗೆ ಸೇರಿ ಹದಿನೇಳು ಸಾವಿರ ಬರುತ್ತಿದೆ.

ಎಲ್ಲ ಜಾಗಕ್ಕೂ ಇದು ಹೊಂದುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ನೋಟಿಫೈ ಆದದ್ದು ಬೇರೆ ಕಾನೂನು. ಗದ್ದೆ ಎಂದು ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರಕಾರಿ ಪಟ್ಟಿ) ಸೇರಿದ್ದರೆ, ಅದರಿಂದ ತೆಗೆಸಲು ಹಾಕುವ ಫಾರ್ಮ್ 5ರ ದಾರಿ. ಮಾಸ್ಟರ್ ಪ್ಲಾನ್ ಈಗಷ್ಟೇ ಬಂದಿದ್ದರೆ ಎರಡು ವರ್ಷ ಕಾಯಲೇಬೇಕು, ಅದು ನ್ಯಾಯವೇ. ಪ್ಲಾನ್ ಆಗುವ ಮೊದಲು ಎಲ್ಲರೂ ಕಟ್ಟಿಬಿಟ್ಟರೆ ಆಮೇಲೆ ಪ್ಲಾನ್ ಮಾಡಿ ಏನು ಮಾಡುವುದು? ಅಮೆರಿಕದ ತಾಹೋ ಸರೋವರದ ಸುತ್ತ ಪ್ಲಾನ್ ಮುಗಿಯುವ ತನಕ 32 ತಿಂಗಳು ಕಟ್ಟಡ ನಿಲ್ಲಿಸಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟು 2002ರಲ್ಲಿ ಒಪ್ಪಿತಂತೆ, ನಮ್ಮ ವಕೀಲರು ಹೇಳಿದರು. ಅಲ್ಲಿ ಅದನ್ನು ತಿಂಗಳಲ್ಲಿ ಎಣಿಸಿದರು. ನಮ್ಮ ಅಪ್ಪ ಇಡೀ ಆಯುಷ್ಯ ಕಾದರು.

ಇನ್ನೊಬ್ಬರಿಗೆ ಬೇರೆ ದಾರಿ ಮಾಡಿದೆ. ಮುಕ್ಕಾಲು ಸೆಂಟ್ಸ್ ರಸ್ತೆಗೆ ಉಚಿತ ಬಿಟ್ಟುಕೊಟ್ಟು, ಬಿಲ್ಡಿಂಗ್ ರೂಲಿನಲ್ಲಿ ಅಂಥವರಿಗೆ ಇರುವ ಸೆಟ್‌ಬ್ಯಾಕ್ ರಿಯಾಯಿತಿ ತೆಗೆದೆವು. ನಾಲ್ಕು ತಿಂಗಳಲ್ಲಿ ಮುಗಿಯಿತು. ಆದರೆ ಅವರದ್ದು ಹನ್ನೆರಡು ಸೆಂಟ್ಸ್, ಬಿಡಲು ಜಾಗ ಇತ್ತು. ಈಗ ನನ್ನದೇ ಸಾಲಿನ ಒಬ್ಬ ಹೋಟೆಲಿನವರ ಪರವಾಗಿ ನೋಟಿಸ್ ಕೊಟ್ಟಿದ್ದೇನೆ. ಇವತ್ತಿಗೆ ನಲವತ್ತೊಂದು ದಿನ ಆಯಿತು.